ಉತ್ತರ: ಖಣದ ಬಟ್ಟೆ ಹಿಡಿದು ರೆಸಿಡೆನ್ಸಿಗೆ ಹೋಗಬಹುದಾ?
ಗುಳೇದಗುಡ್ಡದ ಖಣದಿಂದ, ಅಂದ್ರೆ ಅಲ್ಲಿ ನೇಯುವ ಕುಪ್ಪಸದ ಬಟ್ಟೆಯಿಂದ, ಹೊಸ ಕಲಾಕೃತಿ ಮಾಡೋಕೆ ರೆಸಿಡೆನ್ಸಿ (ಕಲಾವಿದರು ಕೆಲವು ವಾರ ಒಂದು ಕಡೆ ಇದ್ದು ಕೆಲಸ ಮಾಡುವ ಅವಕಾಶ) ಸಿಗುತ್ತಾ, ಅರ್ಜಿಯಲ್ಲಿ ಏನು ಬರೆಯಬೇಕು ಅಂತ ಕೇಳಿದ್ದೀರಿ. ಖಂಡಿತ ಅರ್ಜಿ ಹಾಕಿ. ಬೆಂಗಳೂರಿನ ಒನ್ ಶಾಂತಿರೋಡ್, 1997ರಲ್ಲಿ ಶುರುವಾದ ದೆಹಲಿಯ ಖೋಜ್, ಈ ಎರಡು ಕಲಾ ಸಂಸ್ಥೆಗಳಲ್ಲೂ ವಿಚಾರಿಸಿ.

‘ಪರಂಪರೆ ಉಳಿಸುತ್ತೇನೆ’ ಅಂತ ಸುಮ್ನೆ ಬರೆಯಬೇಡಿ. ಕುಪ್ಪಸದ ಬಟ್ಟೆಯನ್ನು ಗೋಡೆಗೆ ಯಾಕೆ ತರುತ್ತಿದ್ದೀರಿ, ಅಲ್ಲಿರುವ ವಾರಗಳಲ್ಲಿ ಏನೇನು ಮಾಡಿ ನೋಡುತ್ತೀರಿ, ಅದನ್ನು ಹೇಳಿ. ಎಲ್ಲವೂ ಮುಗಿದಿರಬೇಕು ಅಂತಿಲ್ಲ. ಎಷ್ಟೋ ಕಡೆ ಕೊನೆಗೆ ಸ್ಟುಡಿಯೋ ಬಾಗಿಲು ತೆರೆದು ಅರ್ಧ ಆದದ್ದನ್ನೂ ತೋರಿಸುತ್ತಾರೆ.

ಪ್ರಯಾಣ, ಊಟ, ಸಾಮಗ್ರಿಯ ಖರ್ಚು ಯಾರದ್ದು ಅಂತ ಮೊದಲೇ ಕೇಳಿ. ನೇಕಾರರ ಕೂಲಿಯನ್ನೂ ಬಜೆಟ್‌ನಲ್ಲಿ ಸೇರಿಸಿ. ಇದನ್ನು ಮರೆತರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ವಾಪಸ್ ಬಂದ ಮೇಲೆ ಗುಳೇದಗುಡ್ಡದಲ್ಲೂ ಒಂದು ದಿನ ತೋರಿಸಿ. ಮಗ್ಗದವರೂ ನೋಡಬೇಕು, ಅಲ್ವಾ?