ರೇಡಿಯೊ ಪರದೆಯಿಂದ ಮಾಯವಾಗುವ ಅಕ್ಷಾಂಶ, ರೇಖಾಂಶ

ಪ್ರಶ್ನೆ: ನನ್ನ ದೋಣಿಯ ವಿಎಚ್‌ಎಫ್ ರೇಡಿಯೊಗೆ ನಕ್ಷೆಯ ಮೇಲೆ ದೋಣಿಯ ಸ್ಥಾನ ತೋರಿಸುವ ಚಾರ್ಟ್‌ಪ್ಲಾಟರ್‌ನಿಂದ ಎರಡು ವೈರುಗಳ ಮೂಲಕ ಜಿಪಿಎಸ್ ಮಾಹಿತಿ ಬರುತ್ತದೆ. ದೋಣಿ ನಿಂತಿದ್ದಾಗ ಎಲ್ಲವೂ ಸರಿಯಾಗಿರುತ್ತದೆ. ಎಂಜಿನ್ ಚಾಲೂ ಮಾಡಿ ಸ್ವಲ್ಪ ದೂರ ಹೋದ ಮೇಲೆ ರೇಡಿಯೊ ಬೀಪ್ ಮಾಡಿ, ಸ್ಥಾನದ ಮಾಹಿತಿ ಇಲ್ಲವೆಂದು ತೋರಿಸುತ್ತದೆ. ಪ್ಲಾಟರ್‌ನಲ್ಲಿ ಮಾತ್ರ ದೋಣಿಯ ಗುರುತು ಎಂದಿನಂತೆ ಚಲಿಸುತ್ತಿರುತ್ತದೆ. ಹೊಸ ರೇಡಿಯೊ ಕೊಳ್ಳಬೇಕೇ?

ಉತ್ತರ: ಈಗಲೇ ಕೊಳ್ಳಬೇಡಿ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಪ್ಲಾಟರ್‌ನಲ್ಲಿ ಗುರುತು ಚಲಿಸುತ್ತಿದೆಯೆಂದರೆ ಉಪಗ್ರಹಗಳ ಸಿಗ್ನಲ್ ದೋಣಿಯನ್ನು ತಲುಪುತ್ತಿದೆ. ಸ್ಥಾನದ ಮಾಹಿತಿ ಕಳೆದುಹೋಗುತ್ತಿರುವುದು ಪ್ಲಾಟರ್ ಮತ್ತು ರೇಡಿಯೊಗಳ ನಡುವಿನ ದಾರಿಯಲ್ಲಿ. ಎಂಜಿನ್ ಓಡುವಾಗಲಷ್ಟೇ ಹೀಗಾಗುವುದರಿಂದ, ನಡುಕಕ್ಕೆ ಅಲುಗಾಡುವ ಯಾವುದೋ ಜೋಡಣೆಯ ಮೇಲೆ ನನಗೆ ಮೊದಲ ಅನುಮಾನ.

ಬ್ಯಾಟರಿಯ ಸ್ವಿಚ್ ಆರಿಸಿ, ರೇಡಿಯೊದ ಹಿಂಬದಿಯ ಜೋಡಣೆಯನ್ನು ಬಿಚ್ಚಿ ನೋಡಿ. ಮೇಲಿನ ಟೇಪು ಹೊಸದರಂತೆ ಹೊಳೆಯುತ್ತಿದ್ದರೂ ಅದನ್ನು ಸುಲಿದಾಗ ಒಳಗಿನ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿದ್ದು, ಮೆಲ್ಲಗೆ ಎಳೆದರೆ ಒಂದೆರಡು ಎಳೆಗಳಷ್ಟೇ ಉಳಿದಿರುವುದು ಉಪ್ಪುನೀರಿನ ದೋಣಿಗಳಲ್ಲಿ ತೀರ ಸಾಮಾನ್ಯ. ಅನುಮಾನವಿದ್ದರೆ ವೈರಿನ ಎರಡೂ ತುದಿಗಳನ್ನು ಬಿಡಿಸಿ, ಮಲ್ಟಿಮೀಟರನ್ನು ಬೀಪ್ ಮಾಡುವ ಸ್ಥಾನದಲ್ಲಿಟ್ಟು, ವೈರನ್ನು ಉದ್ದಕ್ಕೂ ಅಲುಗಿಸುತ್ತ ಹೋಗಿ. ಸದ್ದು ತಡವರಿಸಿದ ಜಾಗದಲ್ಲೇ ದೋಷವಿದೆ. ಕಪ್ಪಾದ ಭಾಗವನ್ನು ಕತ್ತರಿಸಿ ತೆಗೆದು, ತವರ ಲೇಪಿಸಿದ ತಾಮ್ರದ ವೈರನ್ನು ಹಾಕಿ, ಕಾಯಿಸಿದಾಗ ಬಿಗಿಯಾಗುವ ಅಂಟುಳ್ಳ ಕೊಳವೆಯಿಂದ ಮುಚ್ಚಬೇಕು. ಬರೀ ಟೇಪು ಸುತ್ತಿದರೆ ಇದೇ ತೊಂದರೆ ಮತ್ತೆ ಬರುತ್ತದೆ.

ಸ್ಥಾನ ಒಮ್ಮೆಯೂ ಕಾಣದಿದ್ದವರ ಸಮಸ್ಯೆ ಬೇರೆ. ಪ್ಲಾಟರ್‌ನ ‘ಔಟ್’ ರೇಡಿಯೊದ ‘ಇನ್’ಗೆ ಸೇರಬೇಕು. ವೈರುಗಳ ಬಣ್ಣ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಬಣ್ಣವನ್ನು ನಂಬದೆ ಕೈಪಿಡಿಯನ್ನೇ ನೋಡಬೇಕು. ದೋಣಿಯ ಉಪಕರಣಗಳು ಒಂದಕ್ಕೊಂದು ಮಾಹಿತಿ ಕಳುಹಿಸಲು ಬಳಸುವ ಎನ್‌ಎಂಇಎ 0183 ಜೋಡಣೆಯ ಸಾಮಾನ್ಯ ವೇಗ 4800 ಬಾಡ್, ಅಂದರೆ ಸೆಕೆಂಡಿಗೆ 4800 ಬಿಟ್. ಪ್ಲಾಟರ್ 38400ರಲ್ಲಿ ಕಳುಹಿಸುತ್ತಿದ್ದು ರೇಡಿಯೊ 4800ಕ್ಕೆ ಕಾದಿದ್ದರೆ, ವೈರು ಎಷ್ಟೇ ಗಟ್ಟಿಯಾಗಿದ್ದರೂ ಪರದೆ ಖಾಲಿಯಾಗಿಯೇ ಇರುತ್ತದೆ.

ಪ್ರಶ್ನೆ: ನನ್ನ ರೇಡಿಯೊದಲ್ಲಿ ಜಿಪಿಎಸ್ ಒಳಗೇ ಇದೆ. ಕ್ಯಾಬಿನ್‌ಗೆ ಎಲ್‌ಇಡಿ ದೀಪಗಳನ್ನು ಹಾಕಿಸಿದ ಮೇಲೆ ಸಿಗ್ನಲ್ ಹೋಗಿ ಬಂದು ಮಾಡುತ್ತಿದೆ. ದೀಪಗಳೇ ಕಾರಣವೇ?

ಉತ್ತರ: ಇರಬಹುದು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಇಳಿದು ಬರುವ ಸಿಗ್ನಲ್ ಅತ್ಯಂತ ಕ್ಷೀಣವಾದದ್ದು. ಕಳಪೆ ಎಲ್‌ಇಡಿ ದೀಪಗಳ ಒಳಗಿನ ಸರ್ಕ್ಯೂಟ್ ಹೊರಸೂಸುವ ರೇಡಿಯೊ ಗದ್ದಲ ಅದನ್ನು ಮುಳುಗಿಸಬಲ್ಲದು. ಇಂಥ ಗದ್ದಲ ಒಂದೇ ದೋಣಿಗೆ ಸೀಮಿತವಾಗಿರಬೇಕೆಂದೂ ಇಲ್ಲ. 2001ರಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಬಂದರಿನಲ್ಲಿ ಜಿಪಿಎಸ್ ಕೆಲಸ ಮಾಡದಂತಾದಾಗ, ಹುಡುಕುತ್ತ ಹೋದವರಿಗೆ ಸಿಕ್ಕ ಮೂಲ ದೋಣಿಗಳ ಮೇಲಿದ್ದ ಆಂಪ್ಲಿಫೈಯರ್ ಸಹಿತ ಟಿವಿ ಆಂಟೆನಾಗಳು.

ಎಲ್ಲ ದೀಪ, ಪಂಪು, ಚಾರ್ಜರ್‌ಗಳನ್ನು ಆರಿಸಿ, ರೇಡಿಯೊವನ್ನಷ್ಟೇ ಹಾಕಿ ಸ್ಥಾನ ಬರುವವರೆಗೆ ಕಾಯಿರಿ. ಬಹುಕಾಲ ಬಳಸದೆ ಇಟ್ಟ ರೇಡಿಯೊ ಇದಕ್ಕೆ ಕೆಲವು ನಿಮಿಷಗಳನ್ನು ತೆಗೆದುಕೊಳ್ಳಬಹುದು. ಅವಸರಪಟ್ಟು ಮತ್ತೆ ಮತ್ತೆ ಆರಿಸಿ ಹಾಕಿದರೆ ಇನ್ನಷ್ಟು ತಡವಾಗುತ್ತದೆ. ಆಮೇಲೆ ಒಂದೊಂದನ್ನೇ ಹಾಕುತ್ತ ಬನ್ನಿ. ಎಲ್ಲವೂ ಆರಿದ್ದಾಗಲೂ ಸಿಗ್ನಲ್ ಬರದಿದ್ದರೆ ತಲೆಯ ಮೇಲಿನ ಲೋಹದ ಚಾವಣಿಯನ್ನು ಸಂಶಯಿಸಿ, ಕೈಪಿಡಿಯಲ್ಲಿ ಅವಕಾಶವಿದ್ದರೆ ಹೊರಗಡೆ ಪ್ರತ್ಯೇಕ ಆಂಟೆನಾ ಹಾಕಿಸಿ.

ಪ್ರಶ್ನೆ: ರಿಪೇರಿಯಾಗುವವರೆಗೆ ರೇಡಿಯೊದಲ್ಲಿ ಆಪತ್ತಿಗೆಂದು ಇರುವ ಕೆಂಪು ಗುಂಡಿ ಒತ್ತಿದರೆ ಪ್ರಯೋಜನವಿದೆಯೇ?

ಉತ್ತರ: ಇದೆ. ಚಾನೆಲ್ 70ರಲ್ಲಿ ಹೋಗುವ ಡಿಎಸ್‌ಸಿ ಎಂಬ ಡಿಜಿಟಲ್ ಕರೆಯು ನಿಮ್ಮ ದೋಣಿಯನ್ನು ಗುರುತಿಸುವ 9 ಅಂಕಿಗಳ ಎಂಎಂಎಸ್‌ಐ ಸಂಖ್ಯೆಯನ್ನು ತಲುಪಿಸುತ್ತದೆ. ಆದರೆ ಸ್ಥಾನ ಇರಬೇಕಾದ ಜಾಗದಲ್ಲಿ ಬರೀ 9ರ ಸಾಲು ಹೋಗುತ್ತದೆ. ಕೇಳಿಸಿಕೊಂಡವರಿಗೆ ಆಪತ್ತಿನಲ್ಲಿ ಯಾರಿದ್ದಾರೆಂದು ತಿಳಿಯುತ್ತದೆ, ಎಲ್ಲಿದ್ದಾರೆಂದು ತಿಳಿಯುವುದಿಲ್ಲ. ಈ ಕಾರಣಕ್ಕೇ ನಾನು ಇದನ್ನು ಸಣ್ಣ ದೋಷವೆಂದು ಒಪ್ಪುವುದಿಲ್ಲ. ಮೆನುವಿನಲ್ಲಿ ಅಕ್ಷಾಂಶ, ರೇಖಾಂಶ ಮತ್ತು ಯುಟಿಸಿ (ಜಾಗತಿಕ ಪ್ರಮಾಣ) ಸಮಯವನ್ನು ಕೈಯಾರೆ ತುಂಬಿಸಿ, ದೋಣಿ ಸಾಗಿದಂತೆ ಬದಲಿಸುತ್ತಿರಿ. ಹಾಗೆ ತುಂಬಿಸಿದ್ದನ್ನು ಇಪ್ಪತ್ತಮೂರೂವರೆ ಗಂಟೆಗಳ ಬಳಿಕ ರೇಡಿಯೊ ತಾನೇ ಅಳಿಸಿಹಾಕುತ್ತದೆ. ಕೆಂಪು ಗುಂಡಿ ಒತ್ತಿದ ಮೇಲೆ ಚಾನೆಲ್ 16ರಲ್ಲಿ ‘ಮೇಡೇ’ ಎಂದು ಮೂರು ಸಲ ಕರೆದು, ದೋಣಿಯ ಹೆಸರು ಹೇಳಿದ ಕೂಡಲೇ ಪ್ಲಾಟರ್‌ನಲ್ಲಿ ಕಾಣುವ ಸ್ಥಾನವನ್ನು ಅಂಕಿ ಬಿಡಿಸಿ ಓದಿ ಹೇಳಿ.