ಮಳೆಯನ್ನೇ ನಂಬಿ ತೋಟ ಮಾಡುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ನೀರಿನ ಅಭಾವದಲ್ಲಿ ಹಣ್ಣು, ತರಕಾರಿ ಬೆಳೆಯುವುದನ್ನು ಕುರಿತವು. ಪಾವಗಡದಿಂದ ಬಂದ ಪತ್ರ ಬಯಲುಸೀಮೆಯ ಅನೇಕ ರೈತರ ಪ್ರಶ್ನೆಯನ್ನೇ ಕೇಳುತ್ತಿರುವುದರಿಂದ ಅದಕ್ಕೆ ವಿಸ್ತಾರವಾಗಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮಗೆ ನಾಲ್ಕು ಎಕರೆ ಕೆಂಪು ಮರಳು ಮಿಶ್ರಿತ ಜಮೀನಿದೆ. ಕಡಲೇಕಾಯಿ ಹಾಕಿ ನಷ್ಟ ಅನುಭವಿಸಿ ಸಾಕಾಗಿದೆ. ಬೋರ್‌ವೆಲ್ ಬತ್ತಿಹೋಗಿದೆ. ರಾಜಸ್ಥಾನದ ಬಿಕಾನೇರಿನಲ್ಲಿ ಒಣಭೂಮಿಯ ಹಣ್ಣಿನ ಬೆಳೆಗಳ ಬಗ್ಗೆ ಸಂಶೋಧನೆ ನಡೆದಿದೆ ಎಂದು ಕೇಳಿದ್ದೇನೆ. ನೀರೇ ಬೇಡದ ಹಣ್ಣಿನ ಬೆಳೆ ಯಾವುದು? ಅಲ್ಲಿಯ ತಳಿಗಳು ನಮ್ಮಲ್ಲಿ ಬರುತ್ತವೆಯೇ?
(ಪಾವಗಡ ತಾಲ್ಲೂಕಿನ ಓದುಗರು)

ಉತ್ತರ: ನೀರೇ ಬೇಡದ ಹಣ್ಣಿನ ಬೆಳೆ ಯಾವುದೂ ಇಲ್ಲ. ಆದರೆ ಚಿಗುರು, ಹೂವು, ಕಾಯಿ ಇವೆಲ್ಲವನ್ನೂ ಮಳೆಯ ತಿಂಗಳುಗಳಲ್ಲೇ ಮುಗಿಸಿಕೊಂಡು, ಬೇಸಗೆಯಲ್ಲಿ ಎಲೆ ಉದುರಿಸಿ ಸುಮ್ಮನಿರುವ ಗಿಡಗಳಿವೆ. ಒಣಭೂಮಿಗೆ ಬೆಳೆ ಆರಿಸುವಾಗ ಅದು ಎಷ್ಟು ನೀರು ಕುಡಿಯುತ್ತದೆ ಎನ್ನುವುದಕ್ಕಿಂತ ಯಾವ ತಿಂಗಳಲ್ಲಿ ಕುಡಿಯುತ್ತದೆ ಎಂದು ಮೊದಲು ಕೇಳಬೇಕು. ಈ ದೃಷ್ಟಿಯಿಂದ ನೋಡಿದರೆ ನಿಮ್ಮ ಜಮೀನಿಗೆ ಎಲಚಿ (ಬೋರೆ) ಮತ್ತು ಸೀತಾಫಲ ಮೊದಲ ಆಯ್ಕೆ, ಆ ನಂತರ ನೆಲ್ಲಿ ಮತ್ತು ಹುಣಸೆ.

ನೀವು ಕೇಳಿರುವ ಸಂಸ್ಥೆ ಬಿಕಾನೇರಿನ ಕೇಂದ್ರೀಯ ಒಣವಲಯ ತೋಟಗಾರಿಕಾ ಸಂಸ್ಥೆ. 1993ರಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರವಾಗಿ ಆರಂಭವಾದ ಅದು 2000ದಲ್ಲಿ ಪೂರ್ಣ ಪ್ರಮಾಣದ ಸಂಸ್ಥೆಯಾಯಿತು. ಅದರ ಪ್ರಾದೇಶಿಕ ಕೇಂದ್ರ ಗುಜರಾತಿನ ಗೋಧ್ರಾ ಸಮೀಪದ ವೇಜಲ್‌ಪುರದಲ್ಲಿದ್ದು, ಎಲಚಿಯಲ್ಲಿ ಗೋಮಾ ಕೀರ್ತಿ, ನೆಲ್ಲಿಯಲ್ಲಿ ಗೋಮಾ ಐಶ್ವರ್ಯ, ನೇರಳೆಯಲ್ಲಿ ಗೋಮಾ ಪ್ರಿಯಾಂಕಾ ಮುಂತಾದ ತಳಿಗಳು ಅಲ್ಲಿಂದ ಬಂದಿವೆ. ಬಿಕಾನೇರಿನ ವಾರ್ಷಿಕ ಮಳೆ 300 ಮಿ.ಮೀ. ಒಳಗೆ, ಪಾವಗಡದಲ್ಲಿ ಸರಾಸರಿ 500 ಮಿ.ಮೀ.ಗಿಂತ ಸ್ವಲ್ಪ ಹೆಚ್ಚೇ ಬೀಳುತ್ತದೆ. ಹಾಗೆಂದು ಅಲ್ಲಿ ಬೆಳೆದದ್ದೆಲ್ಲ ಇಲ್ಲಿ ಇನ್ನೂ ಚೆನ್ನಾಗಿ ಬೆಳೆಯುತ್ತದೆ ಎಂದು ಭಾವಿಸುವಂತಿಲ್ಲ. ಅಲ್ಲಿ ಬೇರು ಸಲೀಸಾಗಿ ಇಳಿಯುವ ಆಳವಾದ ಮರಳಿದ್ದರೆ, ನಮ್ಮ ಕಡೆ ಅನೇಕ ಹೊಲಗಳಲ್ಲಿ ಎರಡು ಮೂರು ಅಡಿ ಕೆಂಪು ಮಣ್ಣಿನ ಕೆಳಗೆ ಗಟ್ಟಿ ಮೊರಂ ಅಥವಾ ಬಂಡೆಯೇ ಸಿಗುತ್ತದೆ. ಆದ್ದರಿಂದ ತಳಿಯ ಹೆಸರಿಗಿಂತ ಅಲ್ಲಿನ ವಿಧಾನಗಳಿಂದಲೇ ನಮಗೆ ಹೆಚ್ಚು ಪ್ರಯೋಜನವಿದೆ.

ಅವುಗಳಲ್ಲಿ ಮೊದಲನೆಯದು ಗುಂಡಿಯಲ್ಲೇ ಬೀಜ ಬಿತ್ತಿ, ಗಿಡವನ್ನು ಅಲುಗಿಸದೆ ಅಲ್ಲೇ ಕಸಿ ಕಟ್ಟುವ ವಿಧಾನ. ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿ ಬಹುಕಾಲ ಇದ್ದ ಎಲಚಿ ಗಿಡದ ತಾಯಿಬೇರು ಚೀಲದ ತಳಕ್ಕೆ ತಾಗಿ ಸುರುಳಿ ಸುತ್ತಿಕೊಂಡಿರುತ್ತದೆ. ಅಂಥ ಗಿಡವನ್ನು ನೆಟ್ಟರೆ ಅದು ಮೇಲ್ಮಣ್ಣಿನ ತೇವವನ್ನೇ ನಂಬಿ ಬದುಕುತ್ತದೆ, ಮೊದಲ ಬಿರುಬೇಸಗೆಗೇ ಸೊರಗುತ್ತದೆ. ಬೀಜವನ್ನು ಗುಂಡಿಯಲ್ಲೇ ಬಿತ್ತಿದಾಗ ತಾಯಿಬೇರು ತುಂಡಾಗದೆ, ಸುತ್ತಿಕೊಳ್ಳದೆ ನೇರವಾಗಿ ಕೆಳಗಿಳಿಯುತ್ತದೆ. ಇದಕ್ಕೆ ಹೊಲದ ಬದುವಿನ ಕಾಡು ಎಲಚಿಯ ಗೊರಟೆಯೇ ಸಾಕು. ಗೊರಟೆಗಳನ್ನು ಶೇ 17ರಿಂದ 18ರಷ್ಟು ಉಪ್ಪು ಕರಗಿಸಿದ ನೀರಿಗೆ ಹಾಕಿ, ತೇಲುವವನ್ನು ಬಿಸಾಡಿ, ಮುಳುಗಿದವನ್ನು ಚೆನ್ನಾಗಿ ತೊಳೆದು ಇಟ್ಟುಕೊಳ್ಳಿ. ಒಳಗಿನ ಬೀಜಕ್ಕೆ ಪೆಟ್ಟಾಗದಂತೆ ಗೊರಟೆಯನ್ನು ನಯವಾಗಿ ಒಡೆದು ಬಿತ್ತಿದರೆ ಸುಮಾರು ಒಂದು ವಾರದಲ್ಲಿ ಮೊಳಕೆ ಬರುತ್ತದೆ, ಒಡೆಯದೆ ಬಿತ್ತಿದರೆ ಮೂರು ನಾಲ್ಕು ವಾರ ಕಾಯಬೇಕಾಗುತ್ತದೆ. ಗುಂಡಿಗೆ ಎರಡು ಮೂರು ಬೀಜ ಹಾಕಿ, ಬಲವಾದ ಒಂದು ಸಸಿಯನ್ನು ಉಳಿಸಿಕೊಂಡು, ಕಾಂಡ ಪೆನ್ಸಿಲ್ ಗಾತ್ರಕ್ಕೆ ಬಂದ ಮೇಲೆ ಮುಂದಿನ ಮುಂಗಾರಿನಲ್ಲಿ ಉಮ್ರಾನ್, ಗೋಲಾ, ಗೋಮಾ ಕೀರ್ತಿಯಂಥ ಒಳ್ಳೆಯ ತಳಿಯ ಮೊಗ್ಗಿನಿಂದ ಕಣ್ಣು ಕಸಿ ಮಾಡಿಸಬೇಕು. ಇದರಿಂದ ಒಂದು ವರ್ಷ ತಡವಾಗುತ್ತದೆ ಎಂದು ಅನೇಕರು ಹಿಂಜರಿಯುತ್ತಾರೆ. ನೀರಿಲ್ಲದ ಜಮೀನಿನಲ್ಲಿ ಈ ಒಂದು ವರ್ಷ ಖಂಡಿತ ನಷ್ಟವಲ್ಲ. ಗಿಡ ಮುಂದೆ ಬದುಕುವ ಬೇರನ್ನು ಆಗಲೇ ಕಟ್ಟಿಕೊಳ್ಳುತ್ತದೆ.

ಎರಡನೆಯದು ಮಳೆಯ ನೀರನ್ನು ಹೊಲದಿಂದ ಹೊರಹೋಗಲು ಬಿಡದೆ ಬುಡಕ್ಕೆ ತಿರುಗಿಸುವುದು. 1959ರಿಂದ ಕೆಲಸ ಮಾಡುತ್ತಿರುವ ಜೋಧಪುರದ ಕೇಂದ್ರೀಯ ಒಣವಲಯ ಸಂಶೋಧನಾ ಸಂಸ್ಥೆಯಲ್ಲಿ ಎಲಚಿ ಗಿಡಗಳ ಸುತ್ತಲಿನ ನೆಲವನ್ನು ಬುಡದ ಕಡೆಗೆ ಇಳಿಜಾರು ಮಾಡಿ ನಡೆಸಿದ ಪ್ರಯೋಗಗಳು ಇದರ ಲಾಭವನ್ನು ತೋರಿಸಿವೆ. ಲೆಕ್ಕವನ್ನು ನೀವೇ ಹಾಕಿ ನೋಡಬಹುದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಗಿಡಗಳನ್ನು 6 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 112 ಗಿಡಗಳಾಗುತ್ತವೆ, ಒಂದೊಂದರ ಪಾಲಿಗೆ 36 ಚದರ ಮೀಟರ್ ನೆಲ ಸಿಗುತ್ತದೆ. 25 ಮಿ.ಮೀ.ನ ಒಂದೇ ಹದವಾದ ಮಳೆಗೆ ಅಷ್ಟು ನೆಲದ ಮೇಲೆ 900 ಲೀಟರ್ ಬೀಳುತ್ತದೆ. ಅದರ ಕಾಲು ಭಾಗ ಬುಡದ ಪಾತಿಗೆ ಹರಿದು ಬಂದರೂ 225 ಲೀಟರ್ ಆಯಿತು. ಟ್ಯಾಂಕರ್ ತರಿಸಿ ಅಷ್ಟು ನೀರನ್ನು ಪ್ರತಿ ಗಿಡಕ್ಕೆ ಕೊಡಲು ಯಾವ ರೈತನಿಂದಲೂ ಆಗದು. ನಿಮ್ಮ ಜಮೀನು ಇಳಿಜಾರಾಗಿದ್ದರೆ ಗಿಡದ ಕೆಳಬದಿಗೆ ಅರ್ಧಚಂದ್ರಾಕಾರದ ಬದು ಹಾಕಿಸಿ, ಪಾತಿಗೆ ರಾಗಿ ಹುಲ್ಲು, ಕಡಲೇಕಾಯಿ ಸಿಪ್ಪೆ ಅಥವಾ ಒಣ ಎಲೆಯ ಹೊದಿಕೆ ಕೊಡಿ. ಹೊದಿಕೆಯಿಲ್ಲದ ಕೆಂಪು ಮಣ್ಣು ಮಳೆ ನಿಂತ ಕೂಡಲೇ ಹೆಪ್ಪುಗಟ್ಟುತ್ತದೆ. ಆ ಮೇಲೆ ಬಿದ್ದ ಮಳೆ ಇಂಗದೆ ಹರಿದುಹೋಗುತ್ತದೆ.

ಆದರೆ ಎಳೆಯ ಗಿಡಗಳಿಗೆ ಮೊದಲ ಎರಡು ಬೇಸಗೆ ಕೈನೀರು ಬೇಕೇ ಬೇಕು ಎಂಬುದನ್ನು ಮರೆಯಬೇಡಿ. ವಾರಕ್ಕೆ ಗಿಡಕ್ಕೆ 10 ಲೀಟರ್ ಎಂದುಕೊಂಡರೂ ಎಕರೆಗೆ ಸುಮಾರು 1,100 ಲೀಟರ್ ಆಗುತ್ತದೆ. ನಾಲ್ಕೂ ಎಕರೆಗೆ ಒಂದೇ ವರ್ಷ ಗಿಡ ನೆಡಬೇಡಿ ಎಂದು ಹೇಳಲು ಇದೇ ಕಾರಣ. ಒಂದು ಎಕರೆಯಿಂದ ಆರಂಭಿಸಿ, ಸಾಲುಗಳ ನಡುವೆ ಹುರುಳಿ, ಅಲಸಂದೆ ಬೆಳೆಯುತ್ತಿರಿ.

ಸೀತಾಫಲಕ್ಕೆ ಒಂದು ವಿಶೇಷ ಅನುಕೂಲವಿದೆ: ಅದರ ಎಲೆಯನ್ನು ಮೇಕೆಯೂ ಮುಟ್ಟುವುದಿಲ್ಲ. ಕುರಿ ಮೇಕೆಗಳು ಹೆಚ್ಚಾಗಿರುವ, ಬೇಲಿಗೆ ಹಣ ಹಾಕಲಾಗದ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಮುಂಗಾರು ಪೂರ್ವ ಮಳೆಗೆ ಚಿಗುರಿ ಹೂಬಿಟ್ಟು, ಮಳೆಗಾಲದ ಕೊನೆಯ ಹೊತ್ತಿಗೆ ಹಣ್ಣು ಕೊಡುತ್ತದೆ. ಬಾಲಾನಗರ ತಳಿ ನಿಮ್ಮ ಮಣ್ಣಿಗೆ ಹೊಂದುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸಹನ್ ಹೆಚ್ಚು ಸಿಹಿ, ಬೀಜ ಕಡಿಮೆ, ಕಿತ್ತ ಮೇಲೆ ಬೇಗ ಮೆತ್ತಗಾಗುವುದಿಲ್ಲ. ಆದರೆ ಅದರಲ್ಲಿ ಒಳ್ಳೆಯ ಫಸಲು ಬೇಕಾದರೆ ಕೈಯಿಂದ ಪರಾಗಸ್ಪರ್ಶ ಮಾಡಬೇಕಾಗುತ್ತದೆ. ಮನೆಯವರೇ ಬೆಳಗಿನ ಹೊತ್ತು ಆ ಕೆಲಸಕ್ಕೆ ನಿಲ್ಲುವುದಾದರೆ ಮಾತ್ರ ಅದನ್ನು ಆರಿಸಿ. ನೆಲ್ಲಿ ಹಾಕುವುದಾದರೆ ಒಂದೇ ತಳಿಯನ್ನು ಇಡೀ ತೋಟಕ್ಕೆ ಹಾಕಬೇಡಿ. ಸ್ವಂತ ಪರಾಗದಿಂದ ಅದರಲ್ಲಿ ಕಾಯಿ ಸರಿಯಾಗಿ ಕಚ್ಚುವುದಿಲ್ಲವಾದ್ದರಿಂದ ಎನ್‌ಎ-7, ಕೃಷ್ಣ, ಕಾಂಚನ್ ತಳಿಗಳಲ್ಲಿ ಕನಿಷ್ಠ ಎರಡನ್ನು ಬೆರೆಸಿ ನೆಡಬೇಕು. ಹುಣಸೆಯಲ್ಲಿ ಫಲ ತಡ, ಆದರೆ ತುಮಕೂರಿನಲ್ಲೇ ದೊಡ್ಡ ಮಾರುಕಟ್ಟೆಯಿದೆ. ಬದುಗಳ ಮೇಲೆ ಕಸಿ ಗಿಡಗಳನ್ನು ಹಾಕಿ ಕಾಯಬಹುದು.

ಎಲಚಿಯಲ್ಲಿ ಹಣ್ಣುನೊಣದ ಕಾಟ ಹೆಚ್ಚು. ಅದರ ಕೋಶಾವಸ್ಥೆ ಮಣ್ಣಿನಲ್ಲಿ ಕಳೆಯುವುದರಿಂದ ಉದುರಿದ ಹಣ್ಣನ್ನು ಆರಿಸಿ ನಾಶ ಮಾಡುವುದು, ಬೇಸಗೆಯಲ್ಲಿ ಬುಡದ ಮಣ್ಣನ್ನು ಕೆದಕಿ ಬಿಸಿಲಿಗೊಡ್ಡುವುದು ಔಷಧಿ ಸಿಂಪಡಣೆಗಿಂತ ಮೊದಲು ಆಗಬೇಕಾದ ಕೆಲಸ.

ಪ್ರಶ್ನೆ: ಎರಡು ಎಕರೆ ಟೊಮೆಟೊ ಹಾಕಿದ್ದೇವೆ. ಏಪ್ರಿಲ್ ಹೊತ್ತಿಗೆ ಬೋರ್‌ವೆಲ್ ನೀರು ಅರ್ಧಕ್ಕೆ ಇಳಿಯುತ್ತದೆ. ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ, ಹಣ್ಣು ಬಿರಿಯುತ್ತದೆ. ಕಡಿಮೆ ನೀರಿಗೆ ತಡೆಯುವ ತಳಿ ಇದೆಯೇ?
(ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಓದುಗರು)

ಉತ್ತರ: ಹೆಸರಘಟ್ಟದ ಅರ್ಕಾ ಮೇಘಾಲಿ ಮಳೆಯಾಶ್ರಿತ ಬೇಸಾಯಕ್ಕೆಂದೇ ರೂಪಿಸಿದ ಟೊಮೆಟೊ ತಳಿ. ಆದರೆ ಅದು ಮುಂಗಾರಿನ ಬೆಳೆಗೆ ಹೊಂದುವಂಥದ್ದು. ಏಪ್ರಿಲ್ ಬಿಸಿಲಿನಲ್ಲಿ ನೀರಿಲ್ಲದೆ ಕಾಯಿ ಕೊಡುತ್ತದೆ ಎಂದು ಅರ್ಥವಲ್ಲ. ಅರ್ಕಾ ರಕ್ಷಕ್ ಹೈಬ್ರಿಡ್ ಎಲೆ ಮುಟುರು ನಂಜು, ದುಂಡಾಣು ಸೊರಗು ಮತ್ತು ಎಲೆ ಅಂಗಮಾರಿಗಳನ್ನು ತಡೆಯುತ್ತದೆ. ಅದನ್ನು ಬರ ತಡೆಯುವ ತಳಿ ಎಂದು ಮಾರುವವರ ಮಾತನ್ನು ನಂಬಬೇಡಿ.

ನೀವು ವಿವರಿಸಿರುವ ಎರಡು ತೊಂದರೆಗಳಿಗೂ ಮೂಲ ಒಂದೇ, ನೀರಿನ ಏರುಪೇರು. ಸುಣ್ಣದ ಅಂಶ ಗಿಡದೊಳಗೆ ನೀರಿನ ಜೊತೆಯಲ್ಲೇ ಸಾಗುತ್ತದೆ. ನೀರು ಕಡಿಮೆಯಾದಾಗ ಬಂದಷ್ಟನ್ನು ಎಲೆಗಳೇ ಎಳೆದುಕೊಳ್ಳುವುದರಿಂದ ಕಾಯಿಯ ತುದಿಗೆ ಅದು ತಲುಪದೆ ಕೊಳೆಯುತ್ತದೆ. ಒಣಗಿದ ಗಿಡಕ್ಕೆ ಒಮ್ಮೆಲೇ ಹೆಚ್ಚು ನೀರು ಬಿಟ್ಟಾಗ ಹಣ್ಣು ಬಿರಿಯುತ್ತದೆ. ಸುಣ್ಣದ ಅಂಶವುಳ್ಳ ಗೊಬ್ಬರವನ್ನು ಎಷ್ಟು ಸಿಂಪಡಿಸಿದರೂ ನೀರಿನ ಹದ ತಪ್ಪಿದರೆ ಪೂರ್ಣ ಫಲ ಸಿಗದು.

ಆದ್ದರಿಂದ ಮೊದಲು ನಿಮ್ಮ ಬೋರ್‌ವೆಲ್ ಅನ್ನು ಅಳೆಯಿರಿ. 200 ಲೀಟರಿನ ಡ್ರಮ್ ಇಟ್ಟು, ತುಂಬಲು ಎಷ್ಟು ನಿಮಿಷ ಬೇಕೆಂದು ನೋಡಿ. ಆರು ನಿಮಿಷವಾದರೆ ಗಂಟೆಗೆ 2,000 ಲೀಟರ್, ನಾಲ್ಕು ಗಂಟೆ ತ್ರೀ ಫೇಸ್ ಕರೆಂಟ್ ಸಿಕ್ಕರೆ 8,000 ಲೀಟರ್. ಎಕರೆಗೆ 5,000 ಗಿಡಗಳಿದ್ದು, ಕಾಯಿ ತುಂಬಿದ ಗಿಡಕ್ಕೆ ಬೇಸಗೆಯಲ್ಲಿ ದಿನಕ್ಕೆ ಒಂದೂವರೆ ಲೀಟರ್ ಎಂದು ಹಿಡಿದರೂ 7,500 ಲೀಟರ್ ಬೇಕು. ಎಂದರೆ ಆ ನೀರು ಒಂದೇ ಎಕರೆಗೆ. ಎರಡು ಎಕರೆಗೆ ಹಂಚಿದರೆ ಎರಡೂ ಹಾಳಾಗುತ್ತವೆ. ನವೆಂಬರ್‌ನಲ್ಲಿ ಕಂಡ ನೀರಿಗಲ್ಲ, ಕಳೆದ ಏಪ್ರಿಲ್‌ನಲ್ಲಿ ಉಳಿದಿದ್ದ ನೀರಿಗೆ ತಕ್ಕಂತೆ ನಾಟಿಯ ವಿಸ್ತೀರ್ಣವನ್ನು ನಿರ್ಧರಿಸಿ. ಹನಿ ನೀರಾವರಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿ, ನೀರನ್ನು ಪ್ರತಿದಿನ ಸ್ವಲ್ಪ ಸ್ವಲ್ಪವಾಗಿ ಕೊಡಿ. ಬೆಳ್ಳಿ ಬಣ್ಣದ ಮೇಲ್ಮೈ ಇರುವ ಹೊದಿಕೆ ಬೆಳಕನ್ನು ಹಿಂದಕ್ಕೆ ಚೆಲ್ಲುವುದರಿಂದ ಬಿಳಿನೊಣ, ನುಸಿಗಳೂ ಕಡಿಮೆಯಾಗುತ್ತವೆ.

ಉಳಿದ ಒಂದು ಎಕರೆಯನ್ನು ಬೇಸಗೆಯಲ್ಲಿ ಬೀಳುಬಿಡಲು ಹೆದರಬೇಡಿ. ಮಳೆಗಾಲದಲ್ಲಿ ಅಲ್ಲಿ ಅವರೆ, ಗೋರಿಕಾಯಿ ಬರುತ್ತವೆ. ನಮ್ಮ ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂಬಿಡುತ್ತದೆ. ಅರ್ಕಾ ಜಯ, ಅರ್ಕಾ ವಿಜಯ ತಳಿಗಳಿಗೆ ಆ ಕಟ್ಟುಪಾಡಿಲ್ಲ, ಮಳೆ ಬಂದಾಗ ಬಿತ್ತಬಹುದು.

ಪ್ರಶ್ನೆ: ಖರ್ಜೂರ ಮರುಭೂಮಿಯ ಬೆಳೆಯಾದ್ದರಿಂದ ನಮ್ಮ ಒಣ ಜಮೀನಿಗೆ ದಾಳಿಂಬೆಗಿಂತ ಅದೇ ಒಳ್ಳೆಯದಲ್ಲವೇ?
(ಚಿಕ್ಕಬಳ್ಳಾಪುರ ಜಿಲ್ಲೆ ಗುಡಿಬಂಡೆಯ ಓದುಗರು)

ಉತ್ತರ: ಅಲ್ಲ. ಖರ್ಜೂರಕ್ಕೆ ಬೇಕಾದದ್ದು ಒಣ ಗಾಳಿ, ನೀರಿಲ್ಲದ ನೆಲವಲ್ಲ. ಮರುಭೂಮಿಯಲ್ಲೂ ಅದು ನೀರಿನ ಸೆಲೆ ಇರುವ ಕಡೆಯೇ ಬೆಳೆಯುತ್ತದೆ. ಹಣ್ಣು ಮಾಗುವ ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಮಳೆ ಬರುವುದರಿಂದ ಪೂರ್ತಿ ಮಾಗುವ ಮೊದಲೇ ತಿನ್ನಬಹುದಾದ ಬರ್ಹಿಯಂಥ ತಳಿಗಳನ್ನು ಮಾತ್ರ ಯೋಚಿಸಬಹುದು. ಅಂಗಾಂಶ ಕೃಷಿಯ ಗಿಡಗಳು ದುಬಾರಿ, ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು.

ದಾಳಿಂಬೆ ನಿಮ್ಮ ಭಾಗಕ್ಕೆ ಹೊಂದುತ್ತದೆ, ಆದರೆ ದುಂಡಾಣು ಅಂಗಮಾರಿಯ ಭಯವಿದೆ. ಅದು ಮಳೆ ಹನಿಗಳ ಎರಚಲಿನಿಂದ ಹರಡುತ್ತದೆ, ತಗುಲಿದ ಮೇಲೆ ಗುಣಪಡಿಸುವ ಔಷಧಿಯಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಗಿಡಕ್ಕೆ ವಿಶ್ರಾಂತಿ ಕೊಟ್ಟು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೂವು ಬರುವ, ಹಸ್ತ ಬಹಾರ್ ಎಂದು ಕರೆಯುವ ಫಸಲನ್ನು ಹಿಡಿಯುವುದು ಸುರಕ್ಷಿತ. ಆಗ ಕಾಯಿ ಬೆಳೆಯುವುದು ಒಣ ತಿಂಗಳುಗಳಲ್ಲಾದ್ದರಿಂದ ಕೃಷಿ ಹೊಂಡ ಇಲ್ಲದೆ ದಾಳಿಂಬೆಗೆ ಕೈಹಾಕಬೇಡಿ.

ಪ್ರಶ್ನೆ: ನಂಬಿಕೆಯ ಕಸಿ ಗಿಡಗಳು ಎಲ್ಲಿ ಸಿಗುತ್ತವೆ?
(ಹಲವು ಓದುಗರು)

ಉತ್ತರ: ಹೆಸರಘಟ್ಟದ ಸಂಸ್ಥೆಯಲ್ಲಿ, ತುಮಕೂರಿನ ಸಮೀಪ ಹಿರೇಹಳ್ಳಿಯಲ್ಲಿರುವ ಅದರ ಪ್ರಯೋಗ ಕೇಂದ್ರದಲ್ಲಿ, ಕೋಲಾರದ ಟಮಕದ ತೋಟಗಾರಿಕಾ ಕಾಲೇಜು ಮತ್ತು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ತೋಟದ ಮರವನ್ನು ಗುರುತಿಸಿ ಕೆಂಪು ತೊಳೆಯ 'ಸಿದ್ದು' ಹಲಸನ್ನು ಹೊರತಂದದ್ದೂ ಹೆಸರಘಟ್ಟದ ಸಂಸ್ಥೆಯೇ. ಹಾಗಾಗಿ ನಿಮ್ಮ ಊರಿನಲ್ಲಿ ಬರಗಾಲದಲ್ಲೂ ಕಾಯಿ ಬಿಡುವ ಹಳೆಯ ಹುಣಸೆ, ಎಲಚಿ, ನೇರಳೆ ಮರವಿದ್ದರೆ ಕಡಿಯುವ ಮುನ್ನ ವಿಜ್ಞಾನಿಗಳಿಗೆ ತೋರಿಸಿ. ಗಿಡಗಳಿಗೆ ಮುಂಗಾರಿಗೆ ಕೆಲವು ತಿಂಗಳು ಮುಂಚೆಯೇ ಹೆಸರು ಬರೆಸಿ, ಕೊಳ್ಳುವಾಗ ಕಸಿಯ ಬೆಸುಗೆ ಗಟ್ಟಿಯಾಗಿದೆಯೇ, ಚೀಲದ ತಳದಲ್ಲಿ ಬೇರು ಸುತ್ತಿಕೊಂಡಿಲ್ಲವೇ ಎಂದು ನೋಡಿಯೇ ಹಣ ಕೊಡಿ.