ಒಂದೇ ಸಾಕೆಟ್‌ನ ಸ್ಕ್ರೀನ್ ರೆಸಿಸ್ಟರ್ ಪದೇ ಪದೇ ಸುಡುತ್ತಿದೆ, ಯಾಕೆ?

ನಿಮ್ಮ ಆಂಪ್‌ನಲ್ಲಿ (ಆಂಪ್ಲಿಫೈಯರ್) ಎರಡು ಇಎಲ್34 ಔಟ್‌ಪುಟ್ ವಾಲ್ವ್, ಫಿಕ್ಸೆಡ್ ಬಯಾಸ್, ಅಂದರೆ ವಾಲ್ವ್‌ನ ಕರೆಂಟನ್ನು ಹತೋಟಿಯಲ್ಲಿಡುವ ನೆಗೆಟಿವ್ ವೋಲ್ಟೇಜ್ ಬೇರೆ ಸಪ್ಲೈನಿಂದ ಬರುತ್ತದೆ. ಎಡಗಡೆ ಸಾಕೆಟ್‌ನ ಸ್ಕ್ರೀನ್ ರೆಸಿಸ್ಟರ್ (ವಾಲ್ವ್ ಒಳಗಿನ ಸ್ಕ್ರೀನ್ ಗ್ರಿಡ್‌ಗೆ ಕರೆಂಟ್ ಹೋಗುವ ದಾರಿಯಲ್ಲಿರುವುದು) ಎರಡು ಮೂರು ತಿಂಗಳಿಗೊಮ್ಮೆ ಕರಕಲಾಗುತ್ತಿದೆ. ವಾಲ್ವ್‌ಗಳನ್ನು ಅದಲು ಬದಲು ಮಾಡಿದರೂ ಅದೇ ಕಥೆ. 5 ವ್ಯಾಟ್ ಬದಲು 10 ವ್ಯಾಟ್‌ನದ್ದು ಹಾಕಲೇ ಅಂತ ಕೇಳಿದ್ದೀರಿ.

ಬೇಡ. ಹಾಕಿದರೆ ರೆಸಿಸ್ಟರ್ ಉಳಿಯಬಹುದು, ಮುಂದಿನ ಸಲ ವಾಲ್ವ್ ಹೋಗುತ್ತದೆ, ಇಲ್ಲವೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್.

ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ವಾಲ್ವ್ ಕೆಟ್ಟಿದ್ದರೆ ಅದನ್ನು ಬಲಗಡೆ ಹಾಕಿದಾಗ ಕಾಟವೂ ಜೊತೆಗೇ ಹೋಗಬೇಕಿತ್ತು, ಅಲ್ವಾ? ಹೋಗಿಲ್ಲ. ನನ್ನ ಅನುಮಾನ ಆ ಬದಿಯ ಕಪ್ಲಿಂಗ್ ಕೆಪಾಸಿಟರ್ ಮೇಲೆ, ಅಂದರೆ ಡ್ರೈವರ್ ವಾಲ್ವ್‌ನ ಡಿಸಿ ವೋಲ್ಟೇಜ್ ತಡೆದು ಸಿಗ್ನಲ್ ಮಾತ್ರ ಇಎಲ್34ಗೆ ದಾಟಿಸುವ ಕೆಪಾಸಿಟರ್.

ನನಗೂ ಇದೇ ಆಗಿತ್ತು. ಕೆಪಾಸಿಟರ್ ಬಿಚ್ಚಿ ಮೀಟರ್‌ಗೆ ಹಿಡಿದೆ. 0.1 ಮೈಕ್ರೋಫ್ಯಾರಡ್, ಕರೆಕ್ಟಾಗಿ ತೋರಿಸಿತು. ನಂಬಿ ವಾಪಸ್ ಬೆಸುಗೆ ಹಾಕಿ ಇನ್ನೂ ಎರಡು ರೆಸಿಸ್ಟರ್ ಸುಟ್ಟುಕೊಂಡೆ. ಮೀಟರ್ ಅಳೆಯುವುದು ಕೆಲವೇ ವೋಲ್ಟ್‌ನಲ್ಲಿ. ಆಂಪ್ ಒಳಗೆ ಅದರ ಮೇಲೆ 200ಕ್ಕೂ ಜಾಸ್ತಿ ವೋಲ್ಟ್ ಕೂತಿರುತ್ತದೆ, ಸೋರುವುದು ಆಗ. ವಾಲ್ವ್‌ನ ಕರೆಂಟ್ ನಿಯಂತ್ರಿಸುವ ಗ್ರಿಡ್‌ನ ರೆಸಿಸ್ಟರ್ 220 ಕಿಲೋಓಮ್ ಇದ್ದರೆ 5 ಮೈಕ್ರೋಆಂಪ್ ಸೋರಿದರೂ ಗ್ರಿಡ್ ಒಂದು ವೋಲ್ಟ್ ಮೇಲೇರುತ್ತದೆ. ಒಂದೊಂದು ವೋಲ್ಟ್‌ಗೂ ವಾಲ್ವ್ ಹಲವು ಮಿಲಿಆಂಪ್ ಹೆಚ್ಚು ಎಳೆಯುತ್ತದೆ. ಹೀಗೇ ಏರುತ್ತಾ ಪ್ಲೇಟ್ ತನ್ನ 25 ವ್ಯಾಟ್ ಮಿತಿ ದಾಟುತ್ತದೆ, ಲೈಟ್ ಆರಿಸಿ ನೋಡಿದರೆ ಕೆಂಪಗೆ ಕಾಣುತ್ತದೆ. ಜೊತೆಗೆ ಸ್ಕ್ರೀನ್ ಕರೆಂಟೂ ಏರುತ್ತದೆ, ರೆಸಿಸ್ಟರ್ ಸುಡುವುದು ಅದರಿಂದ.

ಹೀಗೆ ನೋಡಿ. ಪ್ಲಗ್ ಕಿತ್ತು, ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್‌ಗಳನ್ನು 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್ ಮೂಲಕ ಖಾಲಿ ಮಾಡಿ. ಖಾಲಿಯಾಗಿದೆಯಾ ಅಂತ ಮೀಟರ್‌ನಲ್ಲಿ ನೋಡಿಯೇ ಕೈ ಹಾಕಿ, 400 ವೋಲ್ಟ್ ಜೊತೆ ತಮಾಷೆ ಬೇಡ. ಎರಡೂ ಇಎಲ್34 ತೆಗೆದಿಡಿ, ಡ್ರೈವರ್ ವಾಲ್ವ್ ಇರಲಿ. ಮೀಟರ್‌ನ ಒಂದು ಕ್ಲಿಪ್ ಷಾಸಿಗೆ (ಲೋಹದ ಚೌಕಟ್ಟು), ಇನ್ನೊಂದು ಎಡಗಡೆ ಸಾಕೆಟ್‌ನ 5ನೇ ಪಿನ್‌ಗೆ, ಬಯಾಸ್ ಬರುವ ಗ್ರಿಡ್ ಪಿನ್ ಅದು. ಆಮೇಲೆ ಆನ್ ಮಾಡಿ. ಲೋಡ್ ಇಲ್ಲದ್ದರಿಂದ ಹೈ ವೋಲ್ಟೇಜ್ ಇನ್ನಷ್ಟು ಏರುತ್ತದೆ, ಫಿಲ್ಟರ್ ಕೆಪಾಸಿಟರ್‌ಗಳ ರೇಟಿಂಗ್ ಮೊದಲೇ ನೋಡಿಕೊಳ್ಳಿ.

ನನ್ನದರಲ್ಲಿ ಮೊದಲು ಮೈನಸ್ 36 ವೋಲ್ಟ್ ಬಂತು, ಎರಡೂ ಸಾಕೆಟ್‌ನಲ್ಲಿ ಒಂದೇ. ಸರಿ ಇದೆಯಲ್ಲ ಅಂದುಕೊಂಡು ಆಫ್ ಮಾಡುವವನಿದ್ದೆ. ವಾಲ್ವ್‌ಗಳಿಲ್ಲದೆ ಒಳಗೆ ಬಿಸಿಯೇ ಇಲ್ಲ ಅಂತ ಆಗ ಹೊಳೆಯಿತು. ತಲೆಕೂದಲು ಒಣಗಿಸುವ ಡ್ರೈಯರ್ ತಂದು ದೂರದಿಂದ ಆ ಕೆಪಾಸಿಟರ್‌ಗೆ ಬಿಸಿಗಾಳಿ ಊದಿದೆ. ಮೈನಸ್ 35, 33, 31... ಮೈನಸ್ 29ಕ್ಕೆ ಬಂದು ನಿಂತಿತು. ಡ್ರೈಯರ್ ಆಫ್ ಮಾಡಿದೆ, ನಿಧಾನವಾಗಿ ವಾಪಸ್ ಹೋಯಿತು. ಕಳ್ಳ ಸಿಕ್ಕಿದ್ದು ಹಾಗೆ.

ನಿಮ್ಮಲ್ಲೂ ಹಾಗಾದರೆ ಎರಡೂ ಬದಿಯ ಕಪ್ಲಿಂಗ್ ಕೆಪಾಸಿಟರ್ ಬದಲಿಸಿ, 630 ವೋಲ್ಟ್‌ನ ಫಿಲ್ಮ್ ಟೈಪ್. ಇನ್ನೊಂದು ಸರಿಯಿದ್ದರೂ ವಯಸ್ಸು ಅದಕ್ಕೂ ಅಷ್ಟೇ ಆಗಿದೆ. ಎರಡೂ ಕಡೆ ಒಟ್ಟಿಗೆ ವೋಲ್ಟೇಜ್ ಅಲುಗಾಡಿದರೆ ಬಯಾಸ್ ಸಪ್ಲೈನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ನೋಡಿ. ಏನೂ ಅಲುಗದಿದ್ದರೆ ಆಫ್ ಮಾಡಿ, ಖಾಲಿ ಮಾಡಿ, 5ನೇ ಪಿನ್‌ನ ಹಿಡಿತ ಪರೀಕ್ಷಿಸಿ. ಸಡಿಲ ಇದ್ದರೆ ಬಯಾಸ್ ಆಗಾಗ ತಪ್ಪಿಹೋಗುತ್ತದೆ, ವಾಲ್ವ್ ಬೇಕಾಬಿಟ್ಟಿ ಕರೆಂಟ್ ಎಳೆಯುತ್ತದೆ. ಸ್ಪೀಕರ್ ಜೋಡಿಸದೆ ಸುಮ್ನೆ ಟೆಸ್ಟ್‌ಗೆ ಅಂತ ಸಿಗ್ನಲ್ ಕೊಡುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ.

ಕೊನೆಗೆ ಬಯಾಸ್ ಹೊಸದಾಗಿ ಸೆಟ್ ಮಾಡಿ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಸ್ಕ್ರೀನ್‌ಗೆ ಮೊದಲಿದ್ದ 1 ಕಿಲೋಓಮ್, 5 ವ್ಯಾಟ್‌ನದ್ದೇ ಇರಲಿ, ಬೋರ್ಡ್‌ನಿಂದ ಸ್ವಲ್ಪ ಎತ್ತಿ ಕೂರಿಸಿ. ಇಷ್ಟು ದಿನ ನಿಮ್ಮ ಟ್ರಾನ್ಸ್‌ಫಾರ್ಮರ್ ಉಳಿಸಿದ್ದೇ ಅದು.